ಸಾವಿನ ಸುದ್ದಿ ಬಂದಾಗ ಕಾರಿನ ಕೀ ಯಾರ ಕೈಯಲ್ಲಿರಬೇಕು?

ಮಣ್ಣಿಗೆ ಹೊರಟವರು, ಮಣ್ಣು ಮುಗಿಸಿ ವಾಪಸಾಗುತ್ತಿದ್ದವರು ದಾರಿಯಲ್ಲೇ ಅಪಘಾತಕ್ಕೀಡಾದ ಸುದ್ದಿ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕೊನೆಯ ಸಾಲು ಸಾಮಾನ್ಯವಾಗಿ ಒಂದೇ: ಚಾಲಕನ ಅತಿವೇಗ ಮತ್ತು ಅಜಾಗರೂಕತೆ ಕಾರಣ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆದೇಶವೊಂದು ಹೊರಬಿದ್ದ ಮೇಲೆ ಈ ಸಾಲಿಗೆ ಇನ್ನೊಂದು ಭಯ ಅಂಟಿಕೊಂಡಿತು. ‘ಸ್ವಂತ ತಪ್ಪಿನಿಂದ ಸತ್ತರೆ ವಿಮೆ ಇಲ್ಲ’ ಎಂಬರ್ಥದ ತಲೆಬರಹಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದವು.

ಹಾಗಾದರೆ ಅಪ್ಪ ತೀರಿಕೊಂಡ ಸುದ್ದಿ ಕೇಳಿ ಕಣ್ಣೀರು ಒರೆಸಿಕೊಳ್ಳುತ್ತಲೇ ಕಾರು ಓಡಿಸಿದವನನ್ನು ಕಾನೂನು ಹೇಗೆ ನೋಡುತ್ತದೆ? ವಿಮೆ ಹೇಗೆ ನೋಡುತ್ತದೆ? ದುಃಖಕ್ಕೂ ಅಪಘಾತಕ್ಕೂ ನಿಜಕ್ಕೂ ನಂಟಿದೆಯೇ? ಈ ಮೂರು ಪ್ರಶ್ನೆಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ಬಿಡಿಸಿ ನೋಡಿದರೆ ಗೊತ್ತಾಗುವುದು ಇಷ್ಟು: ದುಃಖವನ್ನು ಕಾನೂನು ಕಾರಣವೆಂದು ದಾಖಲಿಸುವುದಿಲ್ಲ, ತಪ್ಪಿಗೆ ಮಾಫಿಯೆಂದೂ ಒಪ್ಪುವುದಿಲ್ಲ. ಹೀಗಾಗಿ ಗಾಡಿ ಯಾರು ಓಡಿಸಬೇಕು ಎಂಬುದು ಮನೆಯವರೇ, ಅದೂ ಹೊರಡುವ ಮೊದಲೇ, ತೀರ್ಮಾನಿಸಬೇಕಾದ ವಿಷಯ.

ಕೋರ್ಟ್ ಹೇಳಿದ್ದೇನು, ಹೇಳದೇ ಬಿಟ್ಟದ್ದೇನು

ಆ ಪ್ರಕರಣ ಕರ್ನಾಟಕದ್ದೇ. 2014ರ ಜೂನ್‌ನಲ್ಲಿ ಮಲ್ಲಸಂದ್ರದಿಂದ ಅರಸೀಕೆರೆಗೆ ಹೊರಟಿದ್ದ ಕಾರು ಮಗುಚಿ ಚಾಲಕ ಮೃತಪಟ್ಟಿದ್ದರು. ಕುಟುಂಬ 80 ಲಕ್ಷ ರೂಪಾಯಿ ಪರಿಹಾರ ಕೇಳಿತ್ತು. ಅತಿವೇಗ ಮತ್ತು ಅಜಾಗರೂಕತೆಯಿಂದ ಚಾಲಕನೇ ಅಪಘಾತಕ್ಕೆ ಕಾರಣನಾಗಿದ್ದಾನೆ ಎಂದು ಹೈಕೋರ್ಟ್ ಬೇಡಿಕೆ ತಳ್ಳಿಹಾಕಿತು. ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿ ದುಃಖದ ಪ್ರಶ್ನೆ ಇರಲೇ ಇಲ್ಲ. ಆದರೆ ಒಂದು ಅಂಶ ನಮ್ಮ ವಿಷಯಕ್ಕೆ ನೇರವಾಗಿ ತಾಗುತ್ತದೆ. ಕಾರು ಆತನದ್ದಲ್ಲ, ಬೇರೆಯವರಿಂದ ಪಡೆದದ್ದು. ಹೀಗೆ ಪಡೆದು ಓಡಿಸುವವನು ಮಾಲೀಕನ ಸ್ಥಾನದಲ್ಲೇ ನಿಲ್ಲುತ್ತಾನೆ ಎಂಬುದು ಕೋರ್ಟುಗಳು ಮೊದಲಿಂದ ಹೇಳಿಕೊಂಡು ಬಂದ ತತ್ವ. ಮೂರನೆಯವರಿಗೆ ಆದ ನಷ್ಟ ತುಂಬಿಕೊಡುವುದಕ್ಕಿರುವ ‘ಥರ್ಡ್ ಪಾರ್ಟಿ’ ವಿಮೆಯಲ್ಲಿ ಮಾಲೀಕನ ಸ್ಥಾನದಲ್ಲಿರುವವನು ಮೂರನೆಯವನಾಗುವುದಿಲ್ಲ. ಅದರಲ್ಲೂ ತನ್ನ ತಪ್ಪಿಗೆ ತಾನೇ ಪರಿಹಾರ ಕೇಳಲಾಗದು.

ಇದರರ್ಥ ಯಾವ ವಿಮೆಯೂ ಸಿಗುವುದಿಲ್ಲ ಎಂದಲ್ಲ. ಕಾರಿನ ನೋಂದಾಯಿತ ಮಾಲೀಕರೇ ಊರ್ಜಿತ ಲೈಸೆನ್ಸ್ ಇಟ್ಟುಕೊಂಡು ಓಡಿಸುತ್ತಿದ್ದರೆ, 15 ಲಕ್ಷ ರೂಪಾಯಿಯ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆ ಇರುತ್ತದೆ. ಅದಕ್ಕೆ ‘ತಪ್ಪು ಯಾರದು’ ಎಂಬ ಪ್ರಶ್ನೆ ಅಡ್ಡಬರುವುದಿಲ್ಲ. ಕುಡಿದಿದ್ದರೆ ಅದು ಕೈತಪ್ಪುತ್ತದೆ. ಜೀವ ವಿಮೆಯ ಹಣಕ್ಕೂ ಈ ಆದೇಶಕ್ಕೂ ಸಂಬಂಧವಿಲ್ಲ. ಚಾಲಕನ ತಪ್ಪಿನಿಂದ ಬೇರೆ ವಾಹನದವರಿಗೆ, ಪಾದಚಾರಿಗಳಿಗೆ ಏನಾದರೂ ಆದರೆ ಅವರ ಹಕ್ಕು ಹಾಗೇ ಉಳಿಯುತ್ತದೆ.

ಕಷ್ಟವಿರುವುದು ಕಾರಿನೊಳಗೆ ಕೂತವರ ವಿಷಯದಲ್ಲಿ. ಖಾಸಗಿ ಕಾರಿಗೆ ಸಮಗ್ರ ವಿಮೆ, ಅಂದರೆ ಜನ ‘ಫುಲ್ ಇನ್ಶೂರೆನ್ಸ್’ ಎನ್ನುವುದು, ಇದ್ದರೆ ಒಳಗಿರುವ ಪ್ರಯಾಣಿಕರಿಗೂ ರಕ್ಷಣೆ ಇದೆ. ಬರೀ ಥರ್ಡ್ ಪಾರ್ಟಿ ಇದ್ದರೆ, ಬಾಡಿಗೆ ಕೊಡದೆ ಕೂತ ನೆಂಟರಿಷ್ಟರು ಅದರ ಹೊರಗೇ ಉಳಿಯುತ್ತಾರೆ. ಸಾವಿನ ಮನೆಗೆ ಹೊರಟ ಕಾರುಗಳನ್ನು ನೆನಪಿಸಿಕೊಳ್ಳಿ. ಸ್ನೇಹಿತನಿಂದ ಇಸಿದುಕೊಂಡ, ಬರೀ ಥರ್ಡ್ ಪಾರ್ಟಿ ವಿಮೆಯ ಹಳೆಯ ಕಾರು, ಸ್ಟೇರಿಂಗ್ ಹಿಡಿದ ಮಗ, ಐದು ಸೀಟಿನಲ್ಲಿ ಏಳು ಜನ. ಓಡಿಸುವವನಿಗೆ ಮಾಲೀಕನ 15 ಲಕ್ಷದ ರಕ್ಷಣೆ ಸಿಗುವ ಖಾತ್ರಿಯಿಲ್ಲ, ಕೂತವರಿಗೆ ಥರ್ಡ್ ಪಾರ್ಟಿ ಆಗಿಬರುವುದಿಲ್ಲ. ವಿಮೆಯ ಬಲೆಯಲ್ಲಿ ಇದಕ್ಕಿಂತ ದೊಡ್ಡ ತೂತು ಇರಲಾರದು.

ಎಫ್‌ಐಆರ್‌ನಲ್ಲಿ ದುಃಖಕ್ಕೆ ಜಾಗವಿಲ್ಲ

ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದಲ್ಲಿ 4,61,312 ಅಪಘಾತಗಳಾಗಿ 1,68,491 ಜನ ಸತ್ತರು. ಅದರಲ್ಲಿ ನೂರಕ್ಕೆ 72ಕ್ಕೂ ಹೆಚ್ಚು ಅಪಘಾತಗಳು ಅತಿವೇಗದ ಲೆಕ್ಕಕ್ಕೆ ಹೋಗಿವೆ. ಉಳಿದಂತೆ ಕುಡಿತ, ಮೊಬೈಲ್, ಎದುರು ದಿಕ್ಕಿನ ಚಾಲನೆ, ಸಿಗ್ನಲ್ ಜಿಗಿತ ಎಂಬ ವಿಭಾಗಗಳಿವೆ. ಚಾಲಕನ ಮನಸ್ಥಿತಿಗೆ ವಿಭಾಗವಿಲ್ಲ.

ಕಾನೂನಿನಲ್ಲೂ ಹಾಗೇ. ಮೋಟಾರು ವಾಹನ ಕಾಯ್ದೆಯ 186ನೇ ಸೆಕ್ಷನ್‌ನ ಶೀರ್ಷಿಕೆ ಓದಿದರೆ ಮಾನಸಿಕವಾಗಿ ಅಥವಾ ದೈಹಿಕವಾಗಿ ಅನರ್ಹ ಸ್ಥಿತಿಯಲ್ಲಿ ಓಡಿಸುವುದು ಅಪರಾಧ ಎಂದಿದೆ. ಒಳಗಿನ ಪಠ್ಯ ಮಾತ್ರ ‘ರೋಗ ಅಥವಾ ಅಂಗವೈಕಲ್ಯ’ದ ಬಗ್ಗೆ, ಅದೂ ಚಾಲಕನಿಗೆ ಗೊತ್ತಿದ್ದೂ ಓಡಿಸಿದರೆ, ಎನ್ನುತ್ತದೆ. ದಂಡ ಮೊದಲ ಸಲ 1,000 ರೂಪಾಯಿವರೆಗೆ, ಮತ್ತೆ ಮಾಡಿದರೆ 2,000 ರೂಪಾಯಿವರೆಗೆ. ಅಮ್ಮನನ್ನು ಕಳೆದುಕೊಂಡದ್ದು ರೋಗವಲ್ಲ. ಹಾಗಾಗಿ ಈ ಸೆಕ್ಷನ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅಪಘಾತವಾದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 281ನೇ ಸೆಕ್ಷನ್, ಸಾವಾದರೆ ಐದು ವರ್ಷದವರೆಗೆ ಶಿಕ್ಷೆ ಇರುವ 106(1) ಬೀಳುತ್ತದೆ. ಚಾಲಕ ಎಚ್ಚರಿಕೆಯಿಂದ ಓಡಿಸಿದನೇ ಎಂಬುದಷ್ಟೇ ಅಲ್ಲಿನ ಪ್ರಶ್ನೆ. ಯಾಕೆ ಎಚ್ಚರ ತಪ್ಪಿತು ಎಂಬುದು ಶಿಕ್ಷೆಯ ಪ್ರಮಾಣ ನಿರ್ಧರಿಸುವಾಗ ವಕೀಲರು ಎತ್ತಬಹುದಾದ ಮಾತು, ಅಷ್ಟೆ.

ಇದು ಸರಿಯೇ ಎಂಬುದರಲ್ಲಿ ಎರಡು ವಾದಗಳಿವೆ. ಜಾರಿ ಮಾಡುವವರ ಕಡೆಯ ವಾದ: ಕುಡಿತವನ್ನು ಉಸಿರಿನಲ್ಲಿ ಅಳೆಯಬಹುದು, ವೇಗವನ್ನು ಕ್ಯಾಮೆರಾದಲ್ಲಿ ಹಿಡಿಯಬಹುದು, ದುಃಖವನ್ನು ಯಾವುದರಲ್ಲಿ ಅಳೆಯುವುದು? ಅದಕ್ಕೊಂದು ಜಾಗ ಕೊಟ್ಟರೆ ಪ್ರತಿ ಆರೋಪಿಯೂ ಅದನ್ನೇ ನೆಪ ಹೇಳುತ್ತಾನೆ. ರಸ್ತೆ ಸುರಕ್ಷತೆಯ ಅಧ್ಯಯನ ಮಾಡುವವರ ವಾದ ಬೇರೆ: ವೇಗ ಹಲವು ಸಲ ಕಾರಣವಲ್ಲ, ಲಕ್ಷಣ. ಗಾಬರಿಯಲ್ಲಿ ಹೊರಟವನ ಕಾಲು ತನಗೇ ತಿಳಿಯದೆ ಆ್ಯಕ್ಸಿಲರೇಟರ್ ಒತ್ತುತ್ತದೆ. ಲಕ್ಷಣವನ್ನಷ್ಟೇ ಬರೆದುಕೊಂಡರೆ ಮೂಲಕ್ಕೆ ಕೈಹಾಕುವುದು ಹೇಗೆ? ಶಿಕ್ಷೆಯ ಮಟ್ಟಿಗೆ ಮೊದಲನೆಯವರ ಮಾತೇ ಸರಿ. ಆದರೆ ತಡೆಯುವ ಮಾತು ಬಂದಾಗ ಎರಡನೆಯವರದ್ದನ್ನು ತಳ್ಳಿಹಾಕಲಾಗದು.

‘ಹತ್ತು ಪಟ್ಟು’ ಎಂಬ ಲೆಕ್ಕ

ಈ ವಿಷಯ ಬಂದಾಗಲೆಲ್ಲ ಉದ್ಧರಿಸುವ ಸಂಖ್ಯೆ ಒಂದಿದೆ. ಅಮೆರಿಕದ ವರ್ಜೀನಿಯಾ ಟೆಕ್ ಸಾರಿಗೆ ಸಂಸ್ಥೆಯವರು 3,500ಕ್ಕೂ ಹೆಚ್ಚು ಚಾಲಕರ ಕಾರುಗಳಲ್ಲಿ ಕ್ಯಾಮೆರಾ ಇಟ್ಟು, 905 ಅಪಘಾತಗಳ ಹಿಂದಿನ ಕ್ಷಣಗಳನ್ನು ನೋಡಿ 2016ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಕಣ್ಣಿಗೆ ಕಾಣುವಷ್ಟು ಸಿಟ್ಟು, ದುಃಖ, ಅಳು ಅಥವಾ ತಳಮಳದಲ್ಲಿದ್ದಾಗ ಅಪಘಾತದ ಸಂಭವ 9.8 ಪಟ್ಟು ಹೆಚ್ಚು ಎಂದು ಅದು ಹೇಳಿತು. ದಣಿವು, ತೂಕಡಿಕೆಗೆ 3.4 ಪಟ್ಟು, ಕೈಯಲ್ಲಿ ಮೊಬೈಲ್ ಹಿಡಿದು ನಂಬರ್ ಒತ್ತುವುದಕ್ಕೆ 12.2 ಪಟ್ಟು.

ಈ ಸಂಖ್ಯೆಯನ್ನು ಎಚ್ಚರದಿಂದ ಓದಬೇಕು. ಅದರಲ್ಲಿ ಸಿಟ್ಟೂ ಸೇರಿದೆ, ಬರೀ ದುಃಖದ್ದಲ್ಲ. ಆ ಸ್ಥಿತಿಯಲ್ಲಿ ಓಡಿಸುವುದು ಒಟ್ಟು ಚಾಲನೆಯ ಸಮಯದಲ್ಲಿ ನೂರಕ್ಕೆ 0.2ರಷ್ಟು ಮಾತ್ರ ಕಂಡಿತ್ತು. ಗುಣಿಸಿ ನೋಡಿದರೆ ಒಟ್ಟು ಅಪಘಾತಗಳಲ್ಲಿ ಅದರ ಪಾಲು ನೂರಕ್ಕೆ ಎರಡನ್ನೂ ದಾಟುವುದಿಲ್ಲ. ಹಾಗಾಗಿ ‘ವೇಗ ಬಿಟ್ಟು ದುಃಖದ ಹಿಂದೆ ಬೀಳಬೇಡಿ’ ಎನ್ನುವವರ ಮಾತಿನಲ್ಲಿ ಹುರುಳಿದೆ. ಆದರೆ ದೇಶಕ್ಕೆ ಚಿಕ್ಕದಾದ ಈ ಪಾಲು, ಸಾವಿನ ಸುದ್ದಿ ಕೇಳಿದ ಗಳಿಗೆಯಲ್ಲೇ ಸ್ಟೇರಿಂಗ್ ಹಿಡಿದವನ ಪಾಲಿಗೆ ಚಿಕ್ಕದಲ್ಲ. ಅವನು ಆ 0.2ರೊಳಗೇ ಕೂತಿದ್ದಾನೆ.

ಅಳದೇ ಇದ್ದವರ ಬಗ್ಗೆಯೂ ಒಂದು ಅಧ್ಯಯನವಿದೆ. ಫ್ರಾನ್ಸಿನ ಬೋರ್ಡೋ ಆಸ್ಪತ್ರೆಗೆ ಅಪಘಾತದಲ್ಲಿ ಗಾಯಗೊಂಡು ಬಂದ 955 ಚಾಲಕರನ್ನು ವಿಚಾರಿಸಿ 2012ರಲ್ಲಿ ಪ್ರಕಟಿಸಿದ್ದು. ಅಪಘಾತಕ್ಕೆ ತಾವೇ ಕಾರಣರಾದವರಲ್ಲಿ ನೂರಕ್ಕೆ 17 ಜನರ ಮನಸ್ಸು ಆ ಹೊತ್ತಿನಲ್ಲಿ ಬೇರೇನೋ ಯೋಚನೆಯಲ್ಲಿ ಪೂರ್ತಿ ಮುಳುಗಿತ್ತು; ತಪ್ಪಿಲ್ಲದವರಲ್ಲಿ ಇದು ನೂರಕ್ಕೆ 9. ಕಣ್ಣು ಒಣಗಿದೆ ಎಂದ ಮಾತ್ರಕ್ಕೆ ಚಾಲಕ ಸರಿಯಿದ್ದಾನೆ ಎನ್ನಲಾಗದು.

ಸ್ಟೇರಿಂಗ್ ಹಿಂದೆ ಆಗುವುದು

ಸುದ್ದಿ ಕೇಳಿದ ಮೊದಲ ಒಂದೆರಡು ತಾಸು ಮೈಯಲ್ಲಿ ಅಡ್ರಿನಲಿನ್ ಏರಿರುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ನಿದ್ದೆ ಹಾರಿಹೋಗಿರುತ್ತದೆ. ‘ನಾನು ಸರಿಯಾಗೇ ಇದ್ದೀನಿ, ಕೊಡಿ ಕೀ’ ಎಂದು ಜನ ಹೇಳುವುದು ಈ ಹೊತ್ತಿನಲ್ಲೇ. ಆದರೆ ಗಮನ ಮುಂದಿನ ಒಂದು ಬಿಂದುವಿಗೆ ಕಟ್ಟಿಬಿದ್ದಿರುತ್ತದೆ. ಕನ್ನಡಿ ನೋಡುವುದು, ಪಕ್ಕದ ಅಡ್ಡರಸ್ತೆಗಳ ಮೇಲೆ ಕಣ್ಣಾಡಿಸುವುದು ಕಡಿಮೆಯಾಗುತ್ತದೆ. ಎಡದಿಂದ ನುಗ್ಗುವ ಬೈಕು, ಲೈಟಿಲ್ಲದ ಟ್ರ್ಯಾಕ್ಟರ್, ಬಣ್ಣ ಬಳಿಯದ ಹಂಪ್ಸ್ ಕಣ್ಣಿಗೆ ಬಿದ್ದರೂ ತಲೆಗೆ ತಲುಪುವುದು ತಡವಾಗುತ್ತದೆ.

ಆ ತಡದ ಬೆಲೆ ಲೆಕ್ಕ ಹಾಕಬಹುದು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಬ್ರೇಕ್ ಮೇಲೆ ಕಾಲಿಡುವುದು ಒಂದೇ ಒಂದು ಸೆಕೆಂಡ್ ತಡವಾದರೂ ಎರಡು ಬಸ್ಸುಗಳ ಉದ್ದದಷ್ಟು ರಸ್ತೆ ಬ್ರೇಕಿಲ್ಲದೆ ಕಳೆದುಹೋಗಿರುತ್ತದೆ.

ಅಳು ಬಂದರೆ ರಾತ್ರಿ ಇನ್ನೂ ಕಷ್ಟ. ಕಣ್ಣಲ್ಲಿ ನೀರು ತುಂಬಿದಾಗ ಎದುರಿನ ಹೆಡ್‌ಲೈಟ್ ಚದುರಿ ಹರಡಿಕೊಳ್ಳುತ್ತದೆ, ಅದರ ಪಕ್ಕದಲ್ಲೇ ಇರುವ ಮನುಷ್ಯ ಮಾಯವಾಗುತ್ತಾನೆ. ಕನ್ನಡಕ ಮಂಜಾಗುತ್ತದೆ. ಬೈಕಿನಲ್ಲಿ ಹೊರಟವರಿಗೆ ಹೆಲ್ಮೆಟ್ಟಿನ ಗಾಜೂ ಮಂಜಾಗಿ, ಅದನ್ನು ಎತ್ತಿದರೆ ಗಾಳಿ, ಹುಳ ಕಣ್ಣಿಗೇ ಬಡಿಯುತ್ತವೆ. ಅವರನ್ನು ತಡೆಯಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ದುಃಖದ ರಾತ್ರಿ ದೂರದ ಊರಿಗೆ ಬೈಕಿನಲ್ಲಿ ಹೊರಡಲೇಬಾರದು.

ಮನೆಯಲ್ಲಿ ಯಾರೋ ‘ಸ್ವಲ್ಪ ಸಮಾಧಾನ ಆಗಲಿ’ ಎಂದು ಕೊಡುವ ಮಾತ್ರೆಯೂ ಇಲ್ಲಿ ಸೇರುತ್ತದೆ. ಆತಂಕ ಇಳಿಸುವ, ನಿದ್ದೆ ತರಿಸುವ ಮಾತ್ರೆಗಳ ಮಂಪರು ಮರುದಿನ ಬೆಳಿಗ್ಗೆಯವರೆಗೂ ಉಳಿಯಬಲ್ಲದು.

‘ಸೀರಿಯಸ್ ಅಂತೆ, ಬೇಗ ಬಾ’

ನಮ್ಮಲ್ಲಿ ಅವಸರ ಹುಟ್ಟುವುದು ಬಹಳ ಸಲ ಆ ಒಂದು ಫೋನ್ ಕರೆಯಿಂದ. ಜೀವ ಹೋಗಿ ಗಂಟೆಯಾಗಿದ್ದರೂ ದೂರದಲ್ಲಿರುವ ಮಗನಿಗೆ ‘ಅಪ್ಪನಿಗೆ ಸೀರಿಯಸ್ ಅಂತೆ, ಹೊರಟು ಬಾ’ ಎಂದೇ ಹೇಳುತ್ತಾರೆ. ಒಮ್ಮೆಲೇ ಹೇಳಿದರೆ ದಾರಿಯಲ್ಲಿ ಏನಾದರೂ ಮಾಡಿಕೊಂಡಾನು ಎಂಬ ಕಾಳಜಿ ಅದು. ಪರಿಣಾಮ ಮಾತ್ರ ತಿರುಗುಮುರುಗು. ಅಪ್ಪ ಸತ್ತಿದ್ದಾರೆ ಎಂದು ಗೊತ್ತಿದ್ದವನಿಗೆ ಅರ್ಧ ಗಂಟೆ ತಡವಾದರೆ ಕಳೆದುಕೊಳ್ಳುವುದು ಏನೂ ಇಲ್ಲ. ಇನ್ನೂ ಬದುಕಿದ್ದಾರೆ ಎಂದುಕೊಂಡವನಿಗೆ ಪ್ರತಿ ನಿಮಿಷವೂ ಮುಖ್ಯ. ಅವನು ಊಟ ಬಿಡುತ್ತಾನೆ, ನಿಲ್ಲುವುದನ್ನು ಬಿಡುತ್ತಾನೆ, ತಿರುವಿನಲ್ಲೂ ಓವರ್‌ಟೇಕ್ ಮಾಡುತ್ತಾನೆ. ಸಾಲದ್ದಕ್ಕೆ ದಾರಿಯ ಮಧ್ಯೆ ನಿಜ ಬಯಲಾಗುತ್ತದೆ. ಡ್ಯಾಶ್‌ಬೋರ್ಡಿಗೆ ಸಿಕ್ಕಿಸಿದ ಫೋನಿನಲ್ಲಿ ಯಾರೋ ನೆಂಟರ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾರ ಹಾಕಿದ ಫೋಟೊ ಬಂದು ಬೀಳುತ್ತದೆ, ಕಾರು ಆಗ ನೂರರಲ್ಲಿರುತ್ತದೆ.

ಹೇಳಬೇಕಾದ ಕ್ರಮ ಬೇರೆ ಇದೆ. ಫೋನ್ ಮಾಡಿದವರ ಮೊದಲ ಪ್ರಶ್ನೆ ‘ಎಲ್ಲಿದ್ದೀಯಾ, ಗಾಡಿ ಓಡಿಸ್ತಿದ್ದೀಯಾ?’ ಎಂದಿರಬೇಕು. ಹೌದೆಂದರೆ ‘ನಿಲ್ಲಿಸಿ ಫೋನ್ ಮಾಡು’ ಎಂದಷ್ಟೇ ಹೇಳಿ ಇಡಬೇಕು. ಸಾಧ್ಯವಿದ್ದರೆ ಮಗನಿಗಿಂತ ಮೊದಲು ಅವನ ಜೊತೆಗಿರುವವರಿಗೆ, ಹೆಂಡತಿಗೋ ರೂಮ್‌ಮೇಟಿಗೋ ಪಕ್ಕದ ಮನೆಯವರಿಗೋ ಹೇಳಬೇಕು. ಆಮೇಲೆ ಅವನಿಗೆ ನಿಜ ಹೇಳಿ, ಅದೇ ಉಸಿರಿನಲ್ಲಿ ‘ನೀನು ಬರೋವರೆಗೂ ಎತ್ತಲ್ಲ’ ಎಂದೂ ಹೇಳಬೇಕು. ಅವಸರದ ಬೇರು ಕೀಳುವುದು ಈ ಮಾತು.

ಅದು ಬರೀ ಬಾಯಿಮಾತಾಗಬಾರದು. ಈಗ ತಾಲ್ಲೂಕು ಕೇಂದ್ರಗಳಲ್ಲಿ ಬಾಡಿಗೆಗೆ ಫ್ರೀಜರ್ ಬಾಕ್ಸ್ ಸಿಗುತ್ತದೆ; ಅದು ಬಂದರೆ ನಾಲ್ಕಾರು ತಾಸು ಕಾಯುವುದು ಕಷ್ಟವಲ್ಲ. ಕರೆಂಟ್ ಹೋಗುವ ಊರಾದರೆ ಜನರೇಟರ್ ಸಹಿತ ಕೇಳಬೇಕು. ಎತ್ತುವ ಸಮಯವನ್ನು ಹಿರಿಯರು ನಿಗದಿ ಮಾಡುವಾಗ ದೂರದಿಂದ ಬರುವ ಕೊನೆಯ ಕಾರಿನ ಪ್ರಯಾಣಕ್ಕೆ ಎರಡು ತಾಸು ಸೇರಿಸಿಕೊಂಡರೆ ಯಾರೂ ಓಡಿಬರಬೇಕಿಲ್ಲ. ಬೇಗ ಮಣ್ಣು ಮಾಡುವ ಪದ್ಧತಿ ಇರುವವರು ಅದನ್ನು ನೇರವಾಗಿ ಹೇಳುವುದೇ ಒಳ್ಳೆಯದು: ‘ಮುಖ ನೋಡಕ್ಕಾಗಲ್ಲ, ನಿಧಾನಕ್ಕೆ ಬಾ.’ ಕೇಳಲು ಕಠೋರ, ಆದರೆ ಓಟ ನಿಲ್ಲುತ್ತದೆ.

ಆಸ್ಪತ್ರೆಯಿಂದ ದೇಹ ತರುವ ಆಂಬುಲೆನ್ಸ್ ಹಿಂದೆ ಕಾರು ಓಡಿಸುವುದು ಇನ್ನೊಂದು ಅಪಾಯ. ಆಂಬುಲೆನ್ಸಿಗೆ ದಾರಿ ಬಿಟ್ಟವರು ಅದು ಹೋದ ಕೂಡಲೇ ತಮ್ಮ ಲೇನಿಗೆ ಮರಳುತ್ತಾರೆ. ಹಿಂದೆ ಅಂಟಿಕೊಂಡು ಬರುವ ಕಾರನ್ನು ಅವರು ಎಣಿಸಿರುವುದಿಲ್ಲ. ಆಂಬುಲೆನ್ಸಿನಲ್ಲಿ ಒಬ್ಬರು ಕೂತರೆ ಸಾಕು. ಉಳಿದವರು ಊರಿನ ದಾರಿ ತಿಳಿದವರೇ.

ಓಡಿಸಲೇಬೇಕಾದರೆ

ಮೊದಲ ಆಯ್ಕೆ ಬಸ್ಸು, ರೈಲು, ಹಳದಿ ಬೋರ್ಡಿನ ಟ್ಯಾಕ್ಸಿ. ಎರಡನೆಯದು ಆ್ಯಕ್ಟಿಂಗ್ ಡ್ರೈವರ್, ಅಂದರೆ ನಿಮ್ಮ ಕಾರನ್ನೇ ಕೂಲಿಗೆ ಓಡಿಸಿಕೊಡುವವರು. ಬೆಂಗಳೂರಿನಂಥ ಊರಿನಲ್ಲಿ ರಾತ್ರಿಯೂ ಸಿಗುತ್ತಾರೆ. ಮೂರನೆಯದು ಸತ್ತವರಿಗೆ ಅಷ್ಟು ಹತ್ತಿರದವರಲ್ಲದ ಒಬ್ಬರು: ಸಹೋದ್ಯೋಗಿ, ಅಳಿಯನ ಸ್ನೇಹಿತ, ಯಾರಾದರೂ. ‘ನಾನು ಬರ್ಲಾ?’ ಎಂದು ಕೇಳಿದರೆ ದುಃಖದಲ್ಲಿರುವವರು ಬೇಡ ಎಂದೇ ಹೇಳುವುದು. ಕೇಳಬಾರದು, ಕೀ ತೆಗೆದುಕೊಳ್ಳಬೇಕು. ಬೇರೆಯವರು ಓಡಿಸುವಾಗ ಮಾಲೀಕರ 15 ಲಕ್ಷದ ವಿಮೆ ಆ ಚಾಲಕನಿಗೆ ಸಿಗುವ ಖಾತ್ರಿಯಿಲ್ಲ ಎಂಬುದೂ ನೆನಪಿರಲಿ. ಸಮಗ್ರ ವಿಮೆಯ ಜೊತೆ ಪ್ರಯಾಣಿಕರಿಗೂ ಸಂಬಳದ ಚಾಲಕನಿಗೂ ಪ್ರತ್ಯೇಕ ರಕ್ಷಣೆ ಸಣ್ಣ ಮೊತ್ತಕ್ಕೆ ಸಿಗುತ್ತದೆ. ರಿನ್ಯೂವಲ್ ಹೊತ್ತಿನಲ್ಲಿ ಕೇಳಿ ಹಾಕಿಸಿಕೊಳ್ಳಬೇಕು.

ಬೇರೆ ದಾರಿಯೇ ಇಲ್ಲದಿದ್ದರೆ, ಸುದ್ದಿ ಕೇಳಿದ ಅರ್ಧ ಗಂಟೆ ಹೊರಡಬಾರದು. ಮುಖ ತೊಳೆದು, ಎರಡು ಲೋಟ ನೀರು ಕುಡಿದು, ಬಾಯಿಗೆ ಏನಾದರೂ ಹಾಕಿಕೊಳ್ಳಬೇಕು. ಪೆಟ್ರೋಲೋ ಡೀಸೆಲ್ಲೋ ಈಗಲೇ ಹಾಕಿಸಿ, ಫಾಸ್ಟ್ಯಾಗ್‌ನಲ್ಲಿ ದುಡ್ಡಿದೆಯೇ ನೋಡಬೇಕು. ಟೋಲ್‌ನಲ್ಲಿ ಜಗಳವಾಡುವ ಸ್ಥಿತಿ ಅಲ್ಲ ಅದು. ಫೋನ್ ಎಡಗಡೆ ಕೂತವರ ಕೈಗೆ. ಊರಿನಿಂದ ಹತ್ತು ನಿಮಿಷಕ್ಕೊಮ್ಮೆ ‘ಎಲ್ಲಿದ್ದೀರಾ’ ಎಂದು ಬರುವ ಕರೆಗಳಿಗೆ ಅವರೇ ಉತ್ತರಿಸುತ್ತಾರೆ. ಎಡಗಡೆ ಕೂತವರ ಇನ್ನೊಂದು ಕೆಲಸ ಕಂಡಕ್ಟರನದು: ‘ಮುಂದೆ ಹಂಪ್ಸ್’, ‘ಎಡಕ್ಕೆ ಬೈಕಿದೆ’, ‘ಎಂಬತ್ತು ದಾಟ್ತು’ ಎಂದು ಹೇಳುತ್ತಿರುವುದು. ಸತ್ತವರ ಮಾತು ಹಿಂದಿನ ಸೀಟಿನಲ್ಲೂ ಬೇಡ, ಇಳಿದ ಮೇಲೆ ಆಡಬಹುದು.

ಹೆದ್ದಾರಿಯಲ್ಲಿ 80ರೊಳಗೆ, ಎಡ ಲೇನಿನಲ್ಲಿ. ಮುಂದಿನ ಗಾಡಿ ಒಂದು ಕಂಬ ದಾಟಿ ನಾಲ್ಕು ಸೆಕೆಂಡಾದ ಮೇಲೆ ನೀವು ಆ ಕಂಬ ದಾಟಬೇಕು. 80ರಲ್ಲಿ ಅದು ಸುಮಾರು 90 ಮೀಟರ್ ಅಂತರ. ಒಂದೂವರೆ ತಾಸಿಗೊಮ್ಮೆ ಇಳಿಯಬೇಕು. ಗೊತ್ತಿರುವ ತಿರುವು ತಪ್ಪಿದರೆ, ಹಾಕಿದ ಇಂಡಿಕೇಟರ್ ಹಾಗೇ ಉರಿಯುತ್ತಿದ್ದರೆ, ಹಿಂದಿನ ಊರು ದಾಟಿದ್ದೇ ನೆನಪಿಲ್ಲದಿದ್ದರೆ ಮುಂದೆ ಹೋಗುವಂತಿಲ್ಲ.

ಅಳು ಉಕ್ಕಿ ಬಂದರೆ ಥಟ್ಟನೆ ಬ್ರೇಕ್ ಹಾಕಬಾರದು. ಕಾಲು ಆ್ಯಕ್ಸಿಲರೇಟರ್‌ನಿಂದ ತೆಗೆದು, ಎಡ ಇಂಡಿಕೇಟರ್ ಹಾಕಿ, ಪೆಟ್ರೋಲ್ ಬಂಕ್, ಹೋಟೆಲ್ ಅಥವಾ ಸರ್ವಿಸ್ ರಸ್ತೆಗೆ ಹೋಗಿ ನಿಲ್ಲಿಸಬೇಕು. ರಾತ್ರಿ ಹೆದ್ದಾರಿಯ ಅಂಚಿನಲ್ಲಿ ನಿಂತ ಕಾರಿಗೆ ಹಿಂದಿನಿಂದ ಲಾರಿ ಗುದ್ದುವುದು ಹೊಸ ಸಂಗತಿಯಲ್ಲ. ಅಂಚೇ ಗತಿಯಾದರೆ ನಾಲ್ಕೂ ಇಂಡಿಕೇಟರ್ ಹಾಕಿ, ಎಲ್ಲರೂ ಎಡ ಬಾಗಿಲಿನಿಂದ ಇಳಿದು ತಡೆಗೋಡೆಯಾಚೆ ನಿಂತು, ತ್ರಿಕೋನವನ್ನು ಕನಿಷ್ಠ 50 ಮೀಟರ್ ಹಿಂದೆ ಇಡಬೇಕು. ರಾಷ್ಟ್ರೀಯ ಹೆದ್ದಾರಿಯಲ್ಲಿ ಸಹಾಯಕ್ಕೆ 1033, ತುರ್ತಿಗೆ 112. ಅಳು ನಿಂತ ಕೂಡಲೇ ಹೊರಡದೆ ಹದಿನೈದು ಇಪ್ಪತ್ತು ನಿಮಿಷ ಕೂರಬೇಕು.

ವಾಪಸು ದಾರಿ

ಹೋಗುವಾಗಿನ ಗಾಬರಿ ಎಲ್ಲರಿಗೂ ಕಾಣುತ್ತದೆ. ಬರುವಾಗಿನ ಅಪಾಯ ಯಾರಿಗೂ ಕಾಣುವುದಿಲ್ಲ. ಹಿಂದಿನ ರಾತ್ರಿ ಪ್ರಯಾಣ, ಹಗಲೆಲ್ಲ ಬಿಸಿಲಲ್ಲಿ ನಿಂತದ್ದು, ಸೂತಕದ ಮನೆಯಲ್ಲಿ ಒಲೆ ಹಚ್ಚದೆ ಖಾಲಿ ಉಳಿದ ಹೊಟ್ಟೆ. ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು 1997ರಲ್ಲೇ ತೋರಿಸಿದಂತೆ, 17 ತಾಸು ಎಚ್ಚರವಿದ್ದವರ ಚುರುಕು ರಕ್ತದಲ್ಲಿ ನೂರಕ್ಕೆ 0.05ರಷ್ಟು ಮದ್ಯ ಇದ್ದವರ ಮಟ್ಟಕ್ಕೆ ಇಳಿಯುತ್ತದೆ. ನಮ್ಮ ಕಾನೂನಿನ ಮಿತಿ 0.03. ಒಂದು ಹನಿ ಕುಡಿಯದೆಯೂ ಆ ಗೆರೆ ದಾಟಿದ ಸ್ಥಿತಿ.

ಇದಕ್ಕೆ ಕೆಲವು ರೂಢಿಗಳೂ ಕೂಡಿಕೊಳ್ಳುತ್ತವೆ. ಬಹಳ ಕಡೆ ಸಾವಿನ ಮನೆಯಿಂದ ‘ಹೋಗಿ ಬರ್ತೀನಿ’ ಎಂದು ಹೇಳಿ ಹೊರಡುವಂತಿಲ್ಲ. ಹೇಳದೆ ಹೊರಡುವುದರಿಂದ ಯಾರು ಓಡಿಸುತ್ತಿದ್ದಾರೆ, ನಿದ್ದೆ ಮಾಡಿದ್ದಾರಾ ಎಂದು ಕೇಳುವವರೇ ಇರುವುದಿಲ್ಲ. ಮನೆಗೆ ಹೋಗಿ ಸ್ನಾನ ಮಾಡುವ ತನಕ ಮೈಲಿಗೆ ಎಂದು ಹೋಟೆಲ್ ಹತ್ತದೆ ಇನ್ನೂರು ಕಿಲೋಮೀಟರ್ ಹಸಿದುಕೊಂಡೇ ಓಡಿಸುವವರೂ ಇದ್ದಾರೆ. ಊರಿನ ಪಂಪ್‌ಸೆಟ್ಟಿನಲ್ಲೋ ಕೆರೆಯಲ್ಲೋ ಅಲ್ಲೇ ಸ್ನಾನ ಮುಗಿಸಿ, ಪಕ್ಕದ ಮನೆಯವರು ತಂದದ್ದನ್ನು ತಿಂದು, ನೆಂಟರ ಮನೆಯಲ್ಲಿ ಮಲಗಿ ಬೆಳಿಗ್ಗೆ ಹೊರಟರೆ ರೂಢಿಗೂ ಭಂಗವಿಲ್ಲ. ದಾರಿಯಲ್ಲಿ ತೂಕಡಿಕೆ ಬಂದರೆ ಕಾಫಿ ಕುಡಿದು ಹದಿನೈದು ಇಪ್ಪತ್ತು ನಿಮಿಷ ಮಲಗಬೇಕು. ಕಾಫಿ ಕೆಲಸ ಶುರು ಮಾಡಲು ಅಷ್ಟು ಹೊತ್ತು ಬೇಕೇ ಬೇಕು. ಎಂಜಿನ್, ಎ.ಸಿ. ಹಾಕಿಕೊಂಡು ಗಾಜು ಮುಚ್ಚಿ ಮಲಗಬಾರದು, ವಿಷಾನಿಲ ಒಳಗೆ ಸೇರುವ ಅಪಾಯವಿದೆ.

ತಿಥಿ ಮುಗಿದ ಮೇಲೆ

ದುಃಖ ಹನ್ನೊಂದು ದಿನಕ್ಕೆ ಮುಗಿಯುವುದಿಲ್ಲ, ರಜೆ ಮಾತ್ರ ಮುಗಿಯುತ್ತದೆ. ಓಡಿಸುವುದೇ ಹೊಟ್ಟೆಪಾಡಾದ ಲಾರಿ, ಕ್ಯಾಬ್ ಚಾಲಕರಿಗೆ ಅಷ್ಟೂ ರಜೆ ಸಿಗುವುದಿಲ್ಲ; ಆಪ್ತರು ತೀರಿಕೊಂಡಾಗ ರಜೆ ಕೊಡಲೇಬೇಕೆಂಬ ಕಾನೂನು ಖಾಸಗಿ ವಲಯದ ಚಾಲಕರಿಗೆ ಇಲ್ಲ. ಕನಿಷ್ಠ ಮೊದಲ ವಾರ ರಾತ್ರಿ ಪಾಳಿ ತಪ್ಪಿಸಿ, ಸಣ್ಣ ದೂರದ ಟ್ರಿಪ್ ಕೊಡುವುದು ಗಾಡಿ ಮಾಲೀಕರಿಗೆ ಖರ್ಚಿನ ಮಾತಲ್ಲ.

ಕಾರಿಗೆ ಮರಳುವವರು ಹಗಲು ಹೊತ್ತು, ಪರಿಚಿತ ರಸ್ತೆ, ಅರ್ಧ ಗಂಟೆಯೊಳಗಿನ ದಾರಿಯಿಂದ ಶುರು ಮಾಡಬಹುದು, ಪಕ್ಕದಲ್ಲಿ ಒಬ್ಬರಿದ್ದರೆ ಇನ್ನೂ ಒಳ್ಳೆಯದು. ಆಸ್ಪತ್ರೆಯ ಮುಂದಿನ ರಸ್ತೆಯಂಥ ನೆನಪು ಕೆದಕುವ ಜಾಗಗಳನ್ನು ಕೆಲವು ವಾರ ಬಳಸಿ ಹೋಗುವುದರಲ್ಲಿ ನಾಚಿಕೆಯಿಲ್ಲ. ವಾರಗಳಾದರೂ ನಿದ್ದೆ ಹತ್ತದಿದ್ದರೆ, ಓಡಿಸುವಾಗ ಪದೇ ಪದೇ ಮನಸ್ಸು ಕಳೆದುಹೋಗುತ್ತಿದ್ದರೆ, ಸ್ಟೇರಿಂಗ್ ಹಿಡಿದು ಸುಮ್ಮನೆ ಡಿಕ್ಕಿ ಹೊಡೆದುಬಿಡಬೇಕು ಎಂಬ ಯೋಚನೆ ಸುಳಿದರೆ, ಕೀ ಮನೆಯವರಿಗೆ ಕೊಟ್ಟು 14416ಕ್ಕೆ ಕರೆ ಮಾಡಬೇಕು. ಅದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸೇವೆ. ಅದರ ಉನ್ನತ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ದಿನದ 24 ತಾಸೂ ಉಚಿತವಾಗಿ, ಕನ್ನಡದಲ್ಲೇ ಮಾತಾಡುತ್ತಾರೆ.